ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ತಂಡದ ಬೆಳವಣಿಗೆ: ಬೆಂಗಳೂರಿನ ಎರಡು ಪಂದ್ಯಾವಳಿಗಳೂ ಕಲಬುರಗಿಯ ಕಾಲೇಜು ಅಂಗಣವೂ

2017ನೆಯ ಇಸವಿಯ ಜುಲೈ ತಿಂಗಳ 23ರಿಂದ 29ರವರೆಗೆ ಏಷ್ಯಾದ ಮಹಿಳಾ ಬ್ಯಾಸ್ಕೆಟ್‌ಬಾಲ್ ಕಪ್ಪಿನ ಪಂದ್ಯಗಳು ಬೆಂಗಳೂರಿನಲ್ಲಿ ನಡೆದುವು. ಪಂದ್ಯಾವಳಿಗೆ ಎರಡು ವಿಭಾಗಗಳಿದ್ದುವು. ಮೊದಲನೆಯದರಲ್ಲಿ ಎಂಟು ಪ್ರಬಲ ತಂಡಗಳೂ ಎರಡನೆಯದರಲ್ಲಿ ಉಳಿದ ತಂಡಗಳೂ ಆಡಿದುವು. ಎರಡನೆಯ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತವು ಕಜಾಕಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರುವ ಅರ್ಹತೆಯನ್ನು ಪಡೆಯಿತು. ಅದೇ ವಾರ, ಅದೇ ನಗರದಲ್ಲಿ, ಮೊದಲನೆಯ ವಿಭಾಗದ ಅಂತಿಮ ಪಂದ್ಯದಲ್ಲಿ ಜಪಾನು ಆಸ್ಟ್ರೇಲಿಯವನ್ನು 74–73ರಿಂದ ಸೋಲಿಸಿತು. ಎರಡು ವರ್ಷಗಳ ತರುವಾಯ, 2019ರ ಸೆಪ್ಟೆಂಬರಿನಲ್ಲಿ, ಪಂದ್ಯಾವಳಿಯು ಮತ್ತೆ ಬೆಂಗಳೂರಿನಲ್ಲಿಯೇ ನಡೆದಾಗ ಭಾರತವು ಮೊದಲನೆಯ ವಿಭಾಗದಲ್ಲಿ ಆಡಿ ಎಂಟು ತಂಡಗಳಲ್ಲಿ ಎಂಟನೆಯದಾಗಿ ಉಳಿಯಿತು. ಜಪಾನು ಈ ಸಲವೂ ಗೆದ್ದಿತು. 2021ರಲ್ಲಿ ಜಾರ್ಡನಿನ ಅಮ್ಮಾನ್ ನಗರದಲ್ಲಿಯೂ ಭಾರತದ ಸ್ಥಾನ ಎಂಟನೆಯದೇ ಆಯಿತು. 2023ರಲ್ಲಿ ಅದು ಪುನಃ ಕೆಳಗಿನ ವಿಭಾಗಕ್ಕೆ ಇಳಿಯಬೇಕಾಯಿತು.

ಏರಿದ ತಂಡವು ನಿಲ್ಲಲಾರದೆ ಹೋದುದೇಕೆ ಎಂಬುದೇ ಪ್ರಕೃತ ಲೇಖನದ ಪ್ರಶ್ನೆ. ಆಟಗಾರ್ತಿಯರಲ್ಲಿ ಕೆಚ್ಚು ಸಾಲದಾಯಿತೆಂಬ ಉತ್ತರವನ್ನು ನಾವು ಒಪ್ಪುವುದಿಲ್ಲ. ಎರಡೇ ಅಂಕಗಳ ಅಂತರದಲ್ಲಿ ಅಂತಿಮ ಪಂದ್ಯವನ್ನು ಗೆಲ್ಲುವವರಿಗೆ ಕೆಚ್ಚಿನ ಕೊರತೆಯಿರಲಾರದು. ಇತಿಹಾಸವನ್ನು ಬೋಧಿಸುವವರು ಆಟದ ವಿಷಯವನ್ನು ಎತ್ತಿಕೊಂಡುದೇಕೆಂದು ವಾಚಕರು ಕೇಳಬಹುದು. ಒಂದು ತಂಡವೂ ಒಂದು ಸಂಸ್ಥೆಯೇ. ಸಂಸ್ಥೆಗಳು ಹೇಗೆ ಹುಟ್ಟುತ್ತವೆ, ಯಾವುದರಿಂದ ಬಾಳುತ್ತವೆ, ಎಲ್ಲಿ ಮುರಿಯುತ್ತವೆ ಎಂದು ನೋಡುವುದು ನಮ್ಮ ಕಸುಬಿಗೆ ಹೊರಗಾದುದಲ್ಲ.

ಈ ಆಟದ ಹುಟ್ಟು ಎಲ್ಲರಿಗೂ ತಿಳಿದುದೇ. 1891ರ ಡಿಸೆಂಬರಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ಕಲ್ಪಿಸಿ, 13 ನಿಯಮಗಳನ್ನು ಬರೆದರು. ಹಣ್ಣಿನ ಬುಟ್ಟಿಗಳೆರಡನ್ನು ಗೋಡೆಗೆ ತೂಗುಹಾಕಿಸಿದರು. ಅದು ನಮ್ಮ ದೇಶದಲ್ಲಿ ಬೇರೂರುವುದಕ್ಕೂ ವೈ.ಎಂ.ಸಿ.ಎ. ಸಂಸ್ಥೆಯೇ ಬಹುಮಟ್ಟಿಗೆ ಕಾರಣ. ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ದೈಹಿಕ ಶಿಕ್ಷಣ ಶಾಲೆಯಲ್ಲಿ ಕಲಿತವರು ದಕ್ಷಿಣದ ಶಾಲೆ ಕಾಲೇಜುಗಳಿಗೆ ಹೊಸ ಆಟಗಳನ್ನು ಕೊಂಡೊಯ್ದರು. ಪುರುಷರ ಮೊದಲ ರಾಷ್ಟ್ರೀಯ ಪಂದ್ಯಾವಳಿ 1934ರಲ್ಲಿ ದೆಹಲಿಯಲ್ಲಿ ನಡೆಯಿತು. 1950ರಲ್ಲಿ ಭಾರತೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವು ಏರ್ಪಟ್ಟಿತು. ಅಂದರೆ, ನಮ್ಮಲ್ಲಿ ಈ ಆಟವು ಮೊದಲಿನಿಂದಲೂ ವಿದ್ಯಾಶಾಲೆಗಳ ಆಟ. ಹಾಕಿಯಂತೆ ದಂಡಿನ ಆಟವೂ ಅಲ್ಲ, ಕುಸ್ತಿಯಂತೆ ಜಾತ್ರೆಯ ಆಟವೂ ಅಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಕೋರುತ್ತೇವೆ; ಮುಂದೆ ಇದರ ಅಗತ್ಯ ಬೀಳುತ್ತದೆ.

ಪುರುಷರ ತಂಡದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇವೆ. 1975ರ ಏಷ್ಯಾ ಚಾಂಪಿಯನ್‌ಷಿಪ್ಪಿನಲ್ಲಿ ಭಾರತವು ನಾಲ್ಕನೆಯ ಸ್ಥಾನ ಪಡೆಯಿತು. 1980ರಲ್ಲಿ, ಅನೇಕ ದೇಶಗಳು ಮಾಸ್ಕೋ ಒಲಿಂಪಿಕ್ಸನ್ನು ಬಹಿಷ್ಕರಿಸಿದಾಗ, ನಮ್ಮ ತಂಡಕ್ಕೆ ಅಲ್ಲಿ ಆಡುವ ಅವಕಾಶ ಒದಗಿ ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಯಿತು. 2014ರ ಜುಲೈಯಲ್ಲಿ, ಅಮೆರಿಕದ ಸ್ಕಾಟ್ ಫ್ಲೆಮಿಂಗ್ ಅವರ ತರಬೇತಿಯಲ್ಲಿದ್ದ ತಂಡವು ಚೀನವನ್ನು ಅದರ ನೆಲವಾದ ವೂಹಾನಿನಲ್ಲಿಯೇ 65–58ರಿಂದ ಸೋಲಿಸಿತು. ಈ ಗೆಲುವನ್ನು ಕ್ರೀಡಾಪ್ರಿಯರು ಇಂದಿಗೂ ನೆನೆಯುತ್ತಾರೆ. ಆದರೆ ಮರುವರ್ಷದ ಹೊತ್ತಿಗೆ ಫ್ಲೆಮಿಂಗ್ ಅವರು ಹುದ್ದೆಯಲ್ಲಿರಲಿಲ್ಲ. ಆ ಗೆಲುವು ಮುಂದಿನದಕ್ಕೆ ಮೆಟ್ಟಲಾಗಲಿಲ್ಲ. ಒಂದು ಎತ್ತರ, ಅನಂತರ ಒಂದು ಇಳಿತ: ಮಹಿಳೆಯರ ತಂಡದಲ್ಲಿ ನಾವು ಕಂಡುದೂ ಇದೇ ರೇಖೆಯನ್ನು.

ತಂಡವನ್ನು ಆರಿಸುವುದು ಬೇರೆ, ತಂಡವನ್ನು ಬೆಳೆಸುವುದು ಬೇರೆ. ಆರಿಸುವುದಕ್ಕೆ ಒಂದು ಶಿಬಿರ, ಕೆಲವು ಪರೀಕ್ಷಕರು, ಹನ್ನೆರಡು ಹೆಸರುಗಳ ಒಂದು ಪಟ್ಟಿ ಸಾಕು. ಬೆಳೆಸುವುದಕ್ಕೆ ವರ್ಷಗಳು ಬೇಕು. ಅಂತರರಾಷ್ಟ್ರೀಯ ಒಕ್ಕೂಟವು ವಯೋಮಾನದ ಪಂದ್ಯಾವಳಿಗಳನ್ನು ಒಂದರ ಮೇಲೊಂದು ಜೋಡಿಸಿರುವುದೇ ಇದಕ್ಕಾಗಿ. ಏಷ್ಯಾದಲ್ಲಿ 16 ವರ್ಷದೊಳಗಿನವರಿಗೊಂದು, 18 ವರ್ಷದೊಳಗಿನವರಿಗೊಂದು ಪಂದ್ಯಾವಳಿ ಇದೆ. ಅವುಗಳ ಮೇಲೆ ಹಿರಿಯರ ಕಪ್ಪು. ಎರಡೆರಡು ವರ್ಷಕ್ಕೊಮ್ಮೆ ಬರುವ ಈ ಮೆಟ್ಟಲುಗಳನ್ನು ಒಂದೇ ಗುಂಪು ಒಟ್ಟಾಗಿ ಏರಬೇಕೆಂಬುದು ಯೋಜನೆಯ ಇಂಗಿತ. 2017ರ ಅಕ್ಟೋಬರಿನಲ್ಲಿ 16 ವರ್ಷದೊಳಗಿನ ಬಾಲಕಿಯರ ಏಷ್ಯಾ ಪಂದ್ಯಾವಳಿಯೂ ಬೆಂಗಳೂರಿನಲ್ಲಿಯೇ ನಡೆಯಿತು. ಎರಡನೆಯ ವಿಭಾಗದಲ್ಲಿ ಭಾರತದ ಬಾಲಕಿಯರು ಗೆದ್ದರು. ಲೆಕ್ಕ ಹಾಕಿ ನೋಡೋಣ. ಅಂದು 16ರ ಹೊಸ್ತಿಲಲ್ಲಿದ್ದ ಬಾಲಕಿಗೆ 2019ರಲ್ಲಿ 18, 2021ರಲ್ಲಿ 20, 2023ರಲ್ಲಿ 22. ಹಿರಿಯರ ತಂಡದ ಮೂರು ಪಂದ್ಯಾವಳಿಗಳು ಅವಳ ಈ ಆರು ವರ್ಷಗಳೊಳಗೆ ಬಂದುಹೋದುವು. ಈ ಆರು ವರ್ಷಗಳನ್ನು ಅವಳು ಎಲ್ಲಿ ಕಳೆದಳು? ರಾಷ್ಟ್ರೀಯ ಶಿಬಿರದಲ್ಲಿ ಕೆಲವು ವಾರಗಳನ್ನು ಕಳೆದಿರಬಹುದು. ಮಿಕ್ಕ ಕಾಲವೆಲ್ಲ ಪದವಿಪೂರ್ವ ಕಾಲೇಜಿನಲ್ಲಿ, ಪದವಿ ಕಾಲೇಜಿನಲ್ಲಿ. ರಾಷ್ಟ್ರೀಯ ತಂಡವು ಬೆಳೆಯುವುದೂ ಕೆಡುವುದೂ ಮುಖ್ಯವಾಗಿ ಈ ವರ್ಷಗಳಲ್ಲಿ, ಈ ಸ್ಥಳಗಳಲ್ಲಿ ಎಂಬುದೇ ನಮ್ಮ ಅಭಿಪ್ರಾಯ.

ಈ ವಯಸ್ಸು ಇಷ್ಟು ಮುಖ್ಯವೇಕೆಂಬುದನ್ನು ಆಟದ ಒಳಗಿನಿಂದಲೇ ವಿವರಿಸಬೇಕು. ಬ್ಯಾಸ್ಕೆಟ್‌ಬಾಲಿನ ಅಂಗಣವು 28 ಮೀಟರು ಉದ್ದ, 15 ಮೀಟರು ಅಗಲ. ಅದರೊಳಗೆ ಹತ್ತು ಮಂದಿ. ಚೆಂಡು ಕೈಗೆ ಬಂದ ತಂಡವು 24 ಸೆಕೆಂಡುಗಳೊಳಗಾಗಿ ಬುಟ್ಟಿಯತ್ತ ಎಸೆಯಲೇಬೇಕು. ಇಷ್ಟು ಕಿರಿದಾದ ಜಾಗದಲ್ಲಿ, ಇಷ್ಟು ಕಿರಿದಾದ ಕಾಲದಲ್ಲಿ, ಸಂಗಾತಿಯು ಈಗ ನಿಂತಿರುವ ಕಡೆಗೆ ಪಾಸು ಕೊಟ್ಟರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಅವಳು ಮರುಕ್ಷಣದಲ್ಲಿ ಇರಲಿರುವ ಕಡೆಗೆ ಕೊಡಬೇಕು. ಅವಳು ಎಲ್ಲಿರುವಳೆಂದು ತಿಳಿಯುವುದು ಬಹುಕಾಲ ಜೊತೆಯಲ್ಲಿ ಆಡಿದವರಿಗೆ ಮಾತ್ರ. ರಕ್ಷಣೆಯೂ ಅಷ್ಟೇ. ಒಬ್ಬಳು ತನ್ನ ಎದುರಾಳಿಯಿಂದ ತಪ್ಪಿಸಿಕೊಂಡು ಹೋದವಳನ್ನು ತಡೆಯಲು ಪಕ್ಕಕ್ಕೆ ಸರಿದರೆ, ಅವಳು ಬಿಟ್ಟ ಜಾಗಕ್ಕೆ ಮೂರನೆಯವಳು ಕೂಗಿಲ್ಲದೆಯೇ ಬರಬೇಕು. ಇದು ಮೂರು ವಾರಗಳ ಶಿಬಿರದಲ್ಲಿ ಬರುವ ವಿದ್ಯೆಯಲ್ಲ.

ಇನ್ನೊಂದು ತೊಡಕುಂಟು, ಇದನ್ನು ಸ್ವಲ್ಪ ವಿಸ್ತರಿಸುವುದು ಅವಶ್ಯ. ನಮ್ಮ ಜಿಲ್ಲೆಯ ಯಾವುದಾದರೊಂದು ಕಾಲೇಜಿನಲ್ಲಿ ಐದಡಿ ಎಂಟಂಗುಲದ ಹುಡುಗಿಯೊಬ್ಬಳಿದ್ದಾಳೆಂದು ಭಾವಿಸೋಣ. ಅವಳೇ ಅಂಗಣದಲ್ಲಿ ಎಲ್ಲರಿಗಿಂತ ಎತ್ತರದವಳು. ಆದುದರಿಂದ ಅವಳನ್ನು ಬುಟ್ಟಿಯ ಕೆಳಗೆ ನಿಲ್ಲಿಸುತ್ತಾರೆ. ಅವಳು ಸೆಂಟರ್ ಆಗುತ್ತಾಳೆ. ಚೆಂಡು ಮೇಲಿನಿಂದ ಬರುತ್ತದೆ, ಅವಳು ಕೈಯೆತ್ತಿ ಹಿಡಿದು ಹಾಕುತ್ತಾಳೆ, ಕಾಲೇಜು ಗೆಲ್ಲುತ್ತದೆ. ನಾಲ್ಕು ವರ್ಷ ಹೀಗೆಯೇ ಸಾಗುತ್ತದೆ. ಅವಳು ಒಂದು ವೇಳೆ ರಾಷ್ಟ್ರೀಯ ಶಿಬಿರಕ್ಕೆ ಹೋದರೆ, ಚೀನ, ಆಸ್ಟ್ರೇಲಿಯಗಳ ಆರಡಿಗೂ ಮೀರಿದ ಸೆಂಟರುಗಳ ಮುಂದೆ ಅವಳ ಎತ್ತರವು ಗಾರ್ಡಿನ ಎತ್ತರ. ಗಾರ್ಡಿಗೆ ಬೇಕಾದುದೇನು? ಎರಡು ಕೈಗಳಿಂದಲೂ ಚೆಂಡನ್ನು ಪುಟಿಸುತ್ತ ತಲೆಯೆತ್ತಿ ಓಡುವುದು, 6.75 ಮೀಟರಿನ ಗೆರೆಯ ಹೊರಗಿನಿಂದ ಎಸೆಯುವುದು. ಇವೆರಡನ್ನೂ ಅವಳಿಗೆ ಯಾರೂ ಕಲಿಸಿಲ್ಲ. ಕಲಿಸುವ ಅಗತ್ಯ ಕಾಲೇಜಿಗೆ ಕಂಡುಬರಲಿಲ್ಲ. ಇಪ್ಪತ್ತೊಂದರಲ್ಲಿ ಅದನ್ನು ಮೊದಲಿನಿಂದ ಕಲಿಯುವುದು ಕಷ್ಟ. ಕಾಲೇಜಿನ ಗೆಲುವು ದೇಶದ ನಷ್ಟವಾದುದು ಹೀಗೆ. ತಪ್ಪು ದೈಹಿಕ ಶಿಕ್ಷಣ ನಿರ್ದೇಶಕರದ್ದೆಂದು ನಾವು ಹೇಳುತ್ತಿಲ್ಲ. ಅಂತರಕಾಲೇಜು ಟ್ರೋಫಿಯನ್ನು ತರುವುದೇ ಅವರ ಕೆಲಸವೆಂದು ಎಲ್ಲರೂ ತಿಳಿದಿರುವಾಗ ಅವರೇನು ಮಾಡಿಯಾರು?

ಜಪಾನಿನವರು ಇದಕ್ಕೆ ಕಂಡುಕೊಂಡ ಪರಿಹಾರವು ಅಧ್ಯಯನಯೋಗ್ಯವಾಗಿದೆ. ಅವರ ಸ್ತ್ರೀಯರೂ ಎತ್ತರದಲ್ಲಿ ಹೆಚ್ಚಿನವರಲ್ಲ. ಎತ್ತರದ ಹುಡುಗಿಯರು ಸಿಗಲಿ ಎಂದು ಕಾಯುತ್ತ ಕೂಡದೆ, ಐವರೂ ಓಡಬಲ್ಲ, ಐವರೂ ದೂರದಿಂದ ಎಸೆಯಬಲ್ಲ ತಂಡವನ್ನು ಅವರು ಕಟ್ಟಿದರು. 2013ರಿಂದ 2021ರವರೆಗೆ ಏಷ್ಯಾ ಕಪ್ಪನ್ನು ಸತತವಾಗಿ ಐದು ಸಲ ಗೆದ್ದರು. 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನ ಅಂತಿಮ ಪಂದ್ಯವನ್ನು ತಲುಪಿ, ಅಮೆರಿಕಕ್ಕೆ 75–90ರಿಂದ ಸೋತು, ಬೆಳ್ಳಿಯ ಪದಕವನ್ನು ಪಡೆದರು. ಅಂದು ತರಬೇತುದಾರರಾಗಿದ್ದ ಟಾಮ್ ಹೋವಾಸ್ ಅವರು ಹೊಸಬರಲ್ಲ. ಹಿಂದೆ ಜಪಾನಿನಲ್ಲಿಯೇ ಆಟಗಾರರಾಗಿದ್ದು, ಅಲ್ಲಿಯ ಭಾಷೆಯನ್ನು ಕಲಿತು, ರಾಷ್ಟ್ರೀಯ ತಂಡದ ಸಹಾಯಕ ತರಬೇತುದಾರರಾಗಿ ದುಡಿದು, 2017ರಲ್ಲಿ ಮುಖ್ಯ ತರಬೇತುದಾರರಾದವರು. ಅಲ್ಲಿಯ ಮಹಿಳಾ ಲೀಗಿನ ತಂಡಗಳು ಬಹುಪಾಲು ಟೊಯೊಟಾ, ಫ್ಯುಜಿಟ್ಸು ಮುಂತಾದ ಉದ್ದಿಮೆಗಳಿಗೆ ಸೇರಿದವು. ಪ್ರೌಢಶಾಲೆಯನ್ನು ಮುಗಿಸಿದ ಹುಡುಗಿ ನೇರವಾಗಿ ಅಂತಹ ತಂಡವನ್ನು ಸೇರಬಹುದು, ಅಥವಾ ವಿಶ್ವವಿದ್ಯಾಲಯದ ತಂಡವನ್ನು ಸೇರಬಹುದು. ಹೇಗಾದರೂ ಹದಿನೆಂಟರಿಂದ ಇಪ್ಪತ್ತೆರಡರ ನಡುವೆ ಅವಳ ಕೈ ಬಿಡುವವರಿಲ್ಲ.

ನಮ್ಮಲ್ಲಿ ಆ ಕೈ ಹಿಡಿಯುವುದು ಬಹುಮಟ್ಟಿಗೆ ರೈಲ್ವೆ ಇಲಾಖೆ. ಚೆನ್ನೈನ ಅನಿತಾ ಪೌಲ್‌ದುರೈ ಅವರ ಚರಿತ್ರೆ ಇದಕ್ಕೆ ನಿದರ್ಶನ. ದಕ್ಷಿಣ ರೈಲ್ವೆಯ ಉದ್ಯೋಗ ಅವರಿಗೆ ಆಧಾರವಾಯಿತು. ಬಹುಕಾಲ ರಾಷ್ಟ್ರೀಯ ತಂಡದಲ್ಲಿ ಆಡಿ, ತಾಯಿಯಾದ ಮೇಲೆ ಮರಳಿ ಬಂದು, 32ರ ವಯಸ್ಸಿನಲ್ಲಿ 2017ರ ಬೆಂಗಳೂರಿನ ಗೆಲುವಿನಲ್ಲಿ ಪಾಲುಗೊಂಡರು. 2021ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಪುರುಷರಿಗೆ ಬ್ಯಾಂಕುಗಳೂ ಇಂತಹ ಆಶ್ರಯವನ್ನು ಕೊಟ್ಟಿವೆ. ಬೆಂಗಳೂರಿನ ವಿಜಯಾ ಬ್ಯಾಂಕಿನ ತಂಡವನ್ನು ಹಳೆಯ ಪ್ರೇಕ್ಷಕರು ಬಲ್ಲರು. ಆ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ಆದರೆ ಇಂತಹ ಉದ್ಯೋಗವು ದೊರೆಯುವುದು ಆಟದಲ್ಲಿ ಹೆಸರು ಮಾಡಿದ ಮೇಲೆ. ಹೆಸರು ಮಾಡುವುದಕ್ಕೆ ಮುಂಚಿನ ನಾಲ್ಕೈದು ವರ್ಷಗಳೇ ಯಾರಿಗೂ ಸೇರದ ವರ್ಷಗಳು. ಅನಿತಾ ಅವರಂತಹವರು ಆ ಹೊಳೆಯನ್ನು ಈಜಿ ದಾಟಿದರು. ಎಷ್ಟು ಮಂದಿ ದಾಟಲಾರದೆ ಹೋದರೆಂಬುದಕ್ಕೆ ದಾಖಲೆಯನ್ನು ಯಾರೂ ಇಡುವುದಿಲ್ಲ.

ಇಲ್ಲಿ ನಮ್ಮ ಪ್ರಾಂತದ ಚರಿತ್ರೆಯಿಂದಲೇ ಒಂದು ಉದಾಹರಣೆಯನ್ನು ಕೊಡಬಯಸುತ್ತೇವೆ. ಆಟ ಬೇರೆ, ಪಾಠ ಒಂದೇ. 1956ರ ನವೆಂಬರ್ 1ರಂದು ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಹೈದರಾಬಾದು ಸಂಸ್ಥಾನದಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿದುವು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತದ ಫುಟ್‌ಬಾಲ್ ತಂಡವು ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ಕಡೆಯ ನಾಲ್ಕು ತಂಡಗಳಲ್ಲಿ ಒಂದಾಯಿತು. ಆ ತಂಡದ ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಶಾಲಾ ಶಿಕ್ಷಕರಾಗಿದ್ದವರು. ರಹೀಮರು 1950ರಿಂದ 1963ರಲ್ಲಿ ತಾವು ತೀರಿಕೊಳ್ಳುವವರೆಗೂ ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ತರಬೇತುಗೊಳಿಸಿದರು. ಆ ತಂಡವು 1950ರಿಂದ 1954ರವರೆಗೆ ಐದು ವರ್ಷ ಎಡೆಬಿಡದೆ ರೋವರ್ಸ್ ಕಪ್ಪನ್ನು ಗೆದ್ದಿತು. ನೂರ್ ಮೊಹಮ್ಮದ್ ಮುಂತಾದ ಹೈದರಾಬಾದಿನ ಆಟಗಾರರು ರಾಷ್ಟ್ರೀಯ ತಂಡಕ್ಕೆ ಹೋದಾಗ ಅಲ್ಲಿಯೂ ಅವರಿಗೆ ಅದೇ ಗುರು, ಅದೇ ಪದ್ಧತಿ. 1962ರಲ್ಲಿ ಜಕಾರ್ತದ ಏಷ್ಯಾಡಿನಲ್ಲಿ ಭಾರತವು ದಕ್ಷಿಣ ಕೊರಿಯವನ್ನು 2–1ರಿಂದ ಸೋಲಿಸಿ ಚಿನ್ನದ ಪದಕ ಪಡೆಯಿತು. ಮರುವರ್ಷ ರಹೀಮರು ಕ್ಯಾನ್ಸರಿನಿಂದ ಕಾಲವಾದರು. ಏಷ್ಯಾಡಿನ ಫುಟ್‌ಬಾಲ್ ಚಿನ್ನ ಮತ್ತೆ ಭಾರತಕ್ಕೆ ಬಂದಿಲ್ಲ.

ಈ ವೃತ್ತಾಂತವನ್ನು ಒಬ್ಬ ಮಹಾಪುರುಷನ ಕಥೆಯಾಗಿ ಹೇಳುವುದು ವಾಡಿಕೆ. ಪ್ರತಿಭೆಯನ್ನು ನಾವು ಅಲ್ಲಗಳೆಯುವುದಿಲ್ಲ; ಆದರೆ ಇದರಲ್ಲಿ ಪ್ರತಿಭೆಯಷ್ಟೇ ಮುಖ್ಯವಾದುದು ಹದಿಮೂರು ವರ್ಷಗಳ ಎಡೆಬಿಡದ ಸಹವಾಸ. ಒಂದು ಊರು, ಒಂದು ಮೈದಾನ, ಸಂಬಳ ಕೊಡುವ ಒಂದು ಇಲಾಖೆ, ಒಬ್ಬ ಗುರು. ಈ ನಾಲ್ಕು ಕೂಡಿ ಬಂದಲ್ಲಿ ರಾಷ್ಟ್ರೀಯ ತಂಡದ ಅರ್ಧ ಕೆಲಸ ಊರಿನಲ್ಲಿಯೇ ಮುಗಿದಿರುತ್ತದೆ. ಗುರು ಹೋದ ಮೇಲೆ ಉಳಿಯುವಂತೆ ಅದನ್ನು ಸಂಸ್ಥೆಯನ್ನಾಗಿ ಮಾಡದಿದ್ದುದು ಆ ಕಾಲದ ಲೋಪ. ಆ ಲೋಪವನ್ನು ನಾವಿನ್ನೂ ತಿದ್ದಿಕೊಂಡಿಲ್ಲ.

ನಮ್ಮ ಹಿರಿಯರಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ಈ ಭಾಗದ ತಾಲೀಮುಗಳನ್ನು ನೋಡಿದವರು ಬಲ್ಲರು: ಎಂಟು ವರ್ಷದ ಹುಡುಗನೂ ಮೂವತ್ತರ ಪೈಲವಾನನೂ ಒಂದೇ ಮಣ್ಣಿನಲ್ಲಿ ಇಳಿಯುತ್ತಾರೆ, ದೊಡ್ಡವನು ಚಿಕ್ಕವನಿಗೆ ಪಟ್ಟು ಹೇಳಿಕೊಡುತ್ತಾನೆ, ಉಸ್ತಾದರು ಬದಿಯಲ್ಲಿ ಕುಳಿತು ಇಬ್ಬರನ್ನೂ ತಿದ್ದುತ್ತಾರೆ. ಹತ್ತನೆಯ ತರಗತಿ ಮುಗಿಯಿತೆಂದು ಹುಡುಗನನ್ನು ತಾಲೀಮಿನಿಂದ ಹೊರಗೆ ಕಳುಹಿಸುವ ಪದ್ಧತಿ ಅಲ್ಲಿಲ್ಲ. ನಮ್ಮ ವಿದ್ಯಾಶಾಲೆಗಳ ಕ್ರೀಡೆಯಲ್ಲಿಯಾದರೋ ಇರುವುದು ಅದೇ ಪದ್ಧತಿ. ಪ್ರೌಢಶಾಲೆಯ ಕ್ರೀಡೆ ಒಂದು ಇಲಾಖೆಯದು, ಪದವಿಪೂರ್ವ ಕ್ರೀಡೆ ಮತ್ತೊಂದರದು, ಪದವಿಯ ಕ್ರೀಡೆ ವಿಶ್ವವಿದ್ಯಾಲಯದ್ದು. ಒಂದೊಂದು ಹೊಸ್ತಿಲಲ್ಲಿಯೂ ಗುರು ಬದಲಾಗುತ್ತಾರೆ, ಸಂಗಾತಿಗಳು ಬದಲಾಗುತ್ತಾರೆ. ಹಿಂದಿನವರು ಏನು ಕಲಿಸಿದರೆಂಬುದು ಮುಂದಿನವರಿಗೆ ತಿಳಿಯದು.

ಪದವಿಯ ಮೆಟ್ಟಲಲ್ಲಿ ನಮ್ಮ ಊರಿನ ಸ್ಥಿತಿ ಇನ್ನೂ ವಿಚಿತ್ರ. ಈ ಜಿಲ್ಲೆಯ ಕಾಲೇಜು ಶಿಕ್ಷಣವು ಮೊದಲು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೂ, ರಾಜ್ಯ ಪುನರ್ವಿಂಗಡಣೆಯ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಸೇರಿದ್ದು, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವು ಸ್ಥಾಪನೆಯಾದ ಮೇಲೆ ಇಲ್ಲಿಗೇ ಬಂದಿತು. ಆಗ ವಿಶ್ವವಿದ್ಯಾಲಯದ ತಂಡವೆಂದರೆ ಈ ಭಾಗದ ಎಲ್ಲ ಕಾಲೇಜುಗಳ ತಂಡ. ಅನಂತರ ವಿದ್ಯಾಪ್ರಸಾರ ಹೆಚ್ಚಿದಂತೆ ವಿಶ್ವವಿದ್ಯಾಲಯಗಳೂ ಹೆಚ್ಚಿದುವು; ಇದು ಸಂತೋಷದ ವಿಷಯವೇ. ಇಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಡೆಗೆ ಹೋದುವು. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯವು ಸ್ಥಾಪಿತವಾಗಿ ಉತ್ತರದ ಜಿಲ್ಲೆಗಳ ಮಹಿಳಾ ಕಾಲೇಜುಗಳು ಅದರ ವ್ಯಾಪ್ತಿಗೆ ಸೇರಿದುವು. 2009ರಲ್ಲಿ ಆಳಂದ ತಾಲ್ಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, 2017ರಲ್ಲಿ ನಗರದಲ್ಲಿಯೇ ಶರಣಬಸವ ವಿಶ್ವವಿದ್ಯಾಲಯ.

ಇದರ ಪರಿಣಾಮ ಅಂಗಣದಲ್ಲಿ ಏನಾಗುತ್ತದೆಂಬುದನ್ನು ನೋಡಬೇಕು. ಬ್ರಹ್ಮಪುರದ ಒಂದೇ ಓಣಿಯಲ್ಲಿ ಬೆಳೆದು, ಒಂದೇ ಪ್ರೌಢಶಾಲೆಯ ತಂಡದಲ್ಲಿ ಐದು ವರ್ಷ ಆಡಿದ ನಾಲ್ವರು ಹುಡುಗಿಯರನ್ನು ಕಲ್ಪಿಸಿಕೊಳ್ಳಿರಿ. ಒಬ್ಬಳು ಮಹಿಳಾ ಕಾಲೇಜನ್ನು ಸೇರುತ್ತಾಳೆ. ಅವಳು ವಿಜಯಪುರದ ವಿಶ್ವವಿದ್ಯಾಲಯಕ್ಕೆ ಆಡಬೇಕು. ಎರಡನೆಯವಳು ಸಹಶಿಕ್ಷಣದ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಾಳೆ, ಅವಳು ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ. ಮೂರನೆಯವಳು ಇಂಜಿನಿಯರಿಂಗಿಗೆ ಹೋದರೆ ಅವಳ ಆಯ್ಕೆ ಬೆಳಗಾವಿಯ ವಿಶ್ವವಿದ್ಯಾಲಯದ ತಂಡಕ್ಕೆ. ನಾಲ್ಕನೆಯವಳು ಓಣಿಯ ಬಳಿಯ ಖಾಸಗಿ ವಿಶ್ವವಿದ್ಯಾಲಯಕ್ಕೆ. ಪರಸ್ಪರರ ಪಾಸನ್ನು ಕಣ್ಣು ಮುಚ್ಚಿ ಹಿಡಿಯಬಲ್ಲ ನಾಲ್ವರು ಇನ್ನು ಮುಂದೆ ಒಂದೇ ತಂಡದಲ್ಲಿ ಆಡುವಂತಿಲ್ಲ. ಅಂತರಕಾಲೇಜು ಪಂದ್ಯಾವಳಿ ಎರಡು ಮೂರು ದಿನಗಳದು; ಅಲ್ಲಿ ಆಯ್ಕೆ; ಬಳಿಕ ಸಣ್ಣದೊಂದು ಶಿಬಿರ; ಆಮೇಲೆ ದಕ್ಷಿಣ ವಲಯದ ಅಂತರವಿಶ್ವವಿದ್ಯಾಲಯ ಪಂದ್ಯಗಳು. ಮೊದಲ ಸುತ್ತಿನಲ್ಲಿಯೇ ಬೆಂಗಳೂರು, ಚೆನ್ನೈ, ಕೇರಳಗಳ ಪಳಗಿದ ತಂಡವು ಎದುರಾದರೆ ಅಂದಿಗೇ ವರ್ಷದ ಆಟ ಮುಗಿಯಿತು. ಇಡೀ ವರ್ಷಕ್ಕೆ ಗಣನೀಯ ಪಂದ್ಯಗಳು ಬೆರಳೆಣಿಕೆಯವು. ಹದಿನೆಂಟರಿಂದ ಇಪ್ಪತ್ತೊಂದರವರೆಗಿನ ಮೂರು ವರ್ಷಗಳು ಹೀಗೆ ಕಳೆಯುತ್ತವೆ.

ಪ್ರತಿಭಾವಂತರು ಬೆಂಗಳೂರು ಮೈಸೂರುಗಳ ಸರ್ಕಾರಿ ಕ್ರೀಡಾ ವಸತಿನಿಲಯಗಳನ್ನು ಸೇರಬಹುದಲ್ಲವೆ ಎಂದು ಕೇಳುವುದುಂಟು. ಸೇರಬಹುದು, ಸೇರಿದವರೂ ಇದ್ದಾರೆ. ರಾಜ್ಯದ ತಂಡಗಳಿಗೆ ಆ ನಿಲಯಗಳು ಸಲ್ಲಿಸಿದ ಸೇವೆ ದೊಡ್ಡದು. ಆದರೆ ಹನ್ನೆರಡು ಹದಿಮೂರು ವರ್ಷದ ಮಗಳನ್ನು ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರ ಕಳುಹಿಸುವ ತಂದೆತಾಯಿಗಳು ನಮ್ಮ ಕಡೆ ಎಷ್ಟು ಮಂದಿ? ಕಳುಹಿಸದಿರುವವರನ್ನು ಹಿಂದುಳಿದವರೆಂದು ಜರೆಯುವುದು ಸುಲಭ, ನಾವು ಜರೆಯಲಾರೆವು. ಮೇಲಾಗಿ ಹುಡುಗಿಯರು ಎತ್ತರ ಬೆಳೆಯುವುದೂ ಆಟದ ರುಚಿ ಹತ್ತುವುದೂ ಕೆಲವೊಮ್ಮೆ ಹದಿನಾರರ ಸುಮಾರಿಗೆ. ಅಷ್ಟರಲ್ಲಿ ವಸತಿನಿಲಯದ ಬಾಗಿಲು ಮುಚ್ಚಿರುತ್ತದೆ. ಅಂತಹವರಿಗೆ ಉಳಿಯುವುದು ಕಾಲೇಜು ಒಂದೇ.

ಹಾಗಾದರೆ ಕಾಲೇಜಿನಿಂದ ಆಗಬಹುದಾದುದೇನು? ವಿಶ್ವವಿದ್ಯಾಲಯಗಳನ್ನು ಮತ್ತೆ ಒಂದುಗೂಡಿಸುವಂತಿಲ್ಲ, ಗೂಡಿಸುವುದೂ ಬೇಡ. ಆದರೆ ಪಂದ್ಯಕ್ಕೆ ಬೇರೆಯಾದವರು ಅಭ್ಯಾಸಕ್ಕೂ ಬೇರೆಯಾಗಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಊರಿನಲ್ಲಿ ಒಂದು ಕ್ಲಬ್ಬು, ಒಂದು ತಾಲೀಮು ಎಂದೇ ಕರೆಯಿರಿ, ಇದ್ದು, ಪ್ರೌಢಶಾಲೆಯ ಮಕ್ಕಳಿಂದ ಮೊದಲುಗೊಂಡು ಉದ್ಯೋಗಕ್ಕೆ ಸೇರಿದವರವರೆಗೆ ಎಲ್ಲರೂ ಅಲ್ಲಿ ಕೂಡುವಂತಾದರೆ, ಆ ನಾಲ್ವರು ಹುಡುಗಿಯರು ಬೆಳಿಗ್ಗೆ ಜೊತೆಯಲ್ಲಿ ಆಡಿ ಅನಂತರ ತಮ್ಮ ತಮ್ಮ ವಿಶ್ವವಿದ್ಯಾಲಯಗಳಿಗೆ ಆಡಬಹುದು. ಬೆಂಗಳೂರಿನಲ್ಲಿ ಬೀಗಲ್ಸ್ ಮುಂತಾದ ಕ್ಲಬ್ಬುಗಳು ಮಾಡಿದುದು ಇದನ್ನೇ. ರಾಜ್ಯದ ಬಲವು ರಾಜಧಾನಿಯಲ್ಲಿ ನೆಲೆಗೊಂಡಿರುವುದಕ್ಕೆ ಅಲ್ಲಿಯ ಒಳಾಂಗಣಗಳಿಗಿಂತ ಕ್ಲಬ್ಬುಗಳೇ ಹೆಚ್ಚು ಕಾರಣವೆಂದು ನಮಗೆ ತೋರುತ್ತದೆ.

ಮೂವರು-ಮೂವರ ಆಟವು ಬಂದ ಮೇಲೆ ಸಣ್ಣ ಊರಿಗೆ ಇನ್ನೊಂದು ಅನುಕೂಲವಾಗಿದೆ. ಇದಕ್ಕೆ ಅರ್ಧ ಅಂಗಣ, ಒಂದೇ ಬುಟ್ಟಿ, ತಂಡಕ್ಕೆ ನಾಲ್ವರು ಸಾಕು. ಹತ್ತು ನಿಮಿಷದ ಆಟ. ಅದಕ್ಕೆ ಮುಂಚೆ 21 ಅಂಕ ಗಳಿಸಿದವರು ಗೆದ್ದರು. ಎಸೆಯಲು 24ರ ಬದಲು 12 ಸೆಕೆಂಡು. ಇಲ್ಲಿ ಎತ್ತರದವಳನ್ನು ಬುಟ್ಟಿಯ ಕೆಳಗೆ ನೆಟ್ಟು ಬಿಡುವಂತಿಲ್ಲ. ಮೂವರೂ ಚೆಂಡನ್ನು ಪುಟಿಸಬೇಕು, ಮೂವರೂ ದೂರದಿಂದ ಎಸೆಯಬೇಕು. ಮೇಲೆ ಹೇಳಿದ ತೊಡಕಿಗೆ ಇದಕ್ಕಿಂತ ಅಗ್ಗದ ಔಷಧ ಸಿಗದು. ಟೋಕಿಯೋದಲ್ಲಿ ಇದು ಒಲಿಂಪಿಕ್ಸಿಗೂ ಪ್ರವೇಶಿಸಿತು. ಅದರ ಅರ್ಹತಾ ಪಂದ್ಯಾವಳಿಯು 2020ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ನಡೆಯಬೇಕಾಗಿದ್ದು, ಮಹಾಮಾರಿಯ ಕಾರಣದಿಂದ ಮುಂದಕ್ಕೆ ಹೋಗಿ, ಕಡೆಗೆ 2021ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ನಡೆಯಿತು. ಈ ಆಟದಲ್ಲಿ ದೇಶದ ಶ್ರೇಯಾಂಕವು ಅದರ ಆಟಗಾರರು ಮನ್ನಣೆ ಪಡೆದ ಪಂದ್ಯಾವಳಿಗಳಲ್ಲಿ ಗಳಿಸಿದ ವೈಯಕ್ತಿಕ ಅಂಕಗಳಿಂದ ಕೂಡಿ ಬರುತ್ತದೆ. ಆದುದರಿಂದ ಕ್ರಮವಾಗಿ ನೋಂದಾಯಿಸಿ ನಡೆಸಿದರೆ ಕಲಬುರಗಿಯ ಪಂದ್ಯಾವಳಿಯೂ ಆ ಲೆಕ್ಕಕ್ಕೆ ಸೇರಬಲ್ಲುದು.

ಅಧ್ಯಾಪಕ ಮಿತ್ರರಿಗೆ ಎರಡು ಮಾತು. ಆಟಗಾರ್ತಿಯ ಹಾಜರಿ ಕಡಮೆಯಾದಾಗ ನಾವು ಪುಸ್ತಕದಲ್ಲಿ ಗೆರೆ ಎಳೆಯುತ್ತೇವೆ. ಅವಳು ಎಲ್ಲಿದ್ದಳೆಂದು ಕೇಳುವುದಿಲ್ಲ. ಶಿಬಿರವೂ ಸೆಮಿಸ್ಟರ್ ಪರೀಕ್ಷೆಯೂ ಒಂದೇ ವಾರದಲ್ಲಿ ಬಿದ್ದಾಗ ಶಿಬಿರವನ್ನು ಬಿಡುವಂತೆ ಬುದ್ಧಿ ಹೇಳಿದವರಲ್ಲಿ ನಾವೂ ಸೇರಿದ್ದೇವೆಂಬುದನ್ನು ಒಪ್ಪಿಕೊಳ್ಳುತ್ತೇವೆ. ಪದವಿಯಿಲ್ಲದೆ ಬರಿಯ ಆಟವನ್ನು ನಂಬಿದವಳಿಗೆ ಮೊಣಕಾಲಿನ ಒಂದು ಪೆಟ್ಟಿನಿಂದ ಎರಡೂ ತಪ್ಪಿಹೋಗಬಹುದು. ಈ ಭಯವು ನಿಜವಾದುದೇ. ಅದಕ್ಕೆ ಮದ್ದು ಶಿಬಿರವನ್ನು ತಪ್ಪಿಸುವುದಲ್ಲ, ಪರೀಕ್ಷೆಯನ್ನು ಅವಳಿಗಾಗಿ ಮತ್ತೊಂದು ದಿನ ನಡೆಸುವುದು. ಪದವಿಯೂ ಆಟವೂ ಎರಡೂ ಕೈಯಲ್ಲಿರುವ ಹುಡುಗಿಗೆ ತಾಯಿತಂದೆಗಳು ಅಡ್ಡಿ ಮಾಡುವುದು ಅಪರೂಪ.

ವಿದ್ಯಾರ್ಥಿಗಳಿಗೂ ಕೆಲಸವಿದೆ. ಎಲ್ಲರೂ ಆಟಗಾರರಾಗಬೇಕಿಲ್ಲ. ಪಂದ್ಯಕ್ಕೆ ರೆಫರಿಗಳು ಬೇಕು, ಅಂಕ ಬರೆಯುವವರು ಬೇಕು, 24 ಸೆಕೆಂಡಿನ ಗಡಿಯಾರ ಹಿಡಿಯುವವರು ಬೇಕು. ಇವರಿಲ್ಲದೆ ಆಡಿದ ಪಂದ್ಯದಲ್ಲಿ ಹುಡುಗಿಯರು ನಿಧಾನವಾಗಿ ಆಡುವುದನ್ನು ಕಲಿಯುತ್ತಾರೆ. ಹೊರಗೆ ಹೋದಾಗ ಗಡಿಯಾರವೇ ಅವರನ್ನು ಸೋಲಿಸುತ್ತದೆ. ಒಬ್ಬೊಬ್ಬರಿಗೂ ಒಂದು ಪುಸ್ತಕವಿಟ್ಟು, ವರ್ಷಕ್ಕೆರಡು ಸಲ ಎತ್ತರ, ತೋಳಿನ ಅಳತೆ, ಜಿಗಿತ, ನೂರು ಎಸೆತಗಳಲ್ಲಿ ಬುಟ್ಟಿಗೆ ಬಿದ್ದವೆಷ್ಟು ಎಂಬುದನ್ನು ಬರೆದಿಟ್ಟರೆ, ಪ್ರೌಢಶಾಲೆಯ ಗುರುವಿನ ಕೆಲಸ ಕಾಲೇಜಿನ ಗುರುವಿಗೂ ಕಾಲೇಜಿನದು ರಾಜ್ಯದ ತರಬೇತುದಾರರಿಗೂ ತಿಳಿಯುತ್ತದೆ. ಇದಕ್ಕೆ ತಗಲುವ ವೆಚ್ಚ ಒಂದು ನೋಟುಪುಸ್ತಕ, ಒಂದು ಅಳತೆಯ ಪಟ್ಟಿ.

ಇನ್ನು ಅಂಗಣದ ವಿಷಯ. ಮರದ ನೆಲದ ಒಳಾಂಗಣ ನಮ್ಮಲ್ಲಿ ಎಲ್ಲ ಕಡೆಗೂ ಬರಲು ಇನ್ನೂ ಕಾಲ ಹಿಡಿಯಬಹುದು. ಸಿಮೆಂಟಿನ ಅಂಗಣದಲ್ಲಿಯೇ ಸದ್ಯಕ್ಕೆ ಕೆಲಸ ಸಾಗಬೇಕು. ಏಪ್ರಿಲ್ ಮೇ ತಿಂಗಳುಗಳಲ್ಲಿ ಇಲ್ಲಿ ಬೆಳಿಗ್ಗೆ ಒಂಬತ್ತು ಗಂಟೆಯಾದರೆ ಅಂಗಣದ ಮೇಲೆ ಕಾಲಿಡುವಂತಿಲ್ಲ; ಸಂಜೆ ನೆಲದ ಕಾವು ಇಳಿಯುವ ಹೊತ್ತಿಗೆ ಕತ್ತಲಾಗಿರುತ್ತದೆ, ಹುಡುಗಿಯರು ಮನೆ ಸೇರಬೇಕಾಗಿರುತ್ತದೆ. ಆದುದರಿಂದ ಆಡಬಹುದಾದ ಕಾಲ ಬೆಳಿಗ್ಗೆ ಐದೂವರೆಯಿಂದ ಏಳೂವರೆಯವರೆಗಿನ ಎರಡು ಗಂಟೆಗಳು. ಆ ಹೊತ್ತಿನಲ್ಲಿ ಕಾಲೇಜಿನ ದೊಡ್ಡ ಬಾಗಿಲು ತೆರೆದಿರಬೇಕು, ಒಂದು ದೀಪ ಉರಿಯುತ್ತಿರಬೇಕು, ಕುಡಿಯುವ ನೀರು ಇರಬೇಕು, ಒಬ್ಬ ಅಧ್ಯಾಪಿಕೆಯಾದರೂ ಅಲ್ಲಿ ಹಾಜರಿರಬೇಕು. ಕೀಲಿಕೈ ಯಾರ ಬಳಿ ಇರತಕ್ಕದ್ದೆಂಬುದನ್ನು ಆಡಳಿತ ಮಂಡಳಿಯು ಬೇಸಿಗೆಗೆ ಮುಂಚಿತವಾಗಿಯೇ ಗೊತ್ತುಮಾಡಿದರೆ ಉತ್ತಮ.